ಎಲ್ಲಾ ನೂಲು

ಮೀನುಗಾರರ ಸಂಘದ ಕಚೇರಿ,
ಸೀಮೆಎಣ್ಣೆ ಒಲೆಯ ಮೇಲೆ ಕೆಟಲು ಗೊಣಗುತ್ತಿದೆ.
ಫುಕುಓಕಾದ ಯಂತ್ರ ಕೇಳುತ್ತದೆ: ಇದು ನನ್ನ ಬೆರಳಚ್ಚು,
ನಂಬುತ್ತೀಯಾ?
ಬರೀ ಗುಂಡಿ ಒತ್ತಿದರೆ ಒಪ್ಪುವುದಿಲ್ಲ ಅದು,
ಹೌದು ಅನ್ನುವುದನ್ನು ಪೂರ್ತಿ ಬರೆಸಿಕೊಳ್ಳುತ್ತದೆ,
ಮದುವೆ ದಫ್ತರದ ಗುಮಾಸ್ತನ ಹಾಗೆ.
ಬರೆದೆ.

ಗೋತೋ ದ್ವೀಪದಿಂದ ಕಡಲಡಿಯ ತಂತಿಯಲ್ಲಿ
ನಲವತ್ತು ವರ್ಷದ ಖಾತೆ ನಿನ್ನೆಯೇ ದಾಟಿತ್ತು:
ದೋಣಿ, ಯಜಮಾನ, ಹಿಡಿದದ್ದು, ಬರಿಗೈಲಿ ಬಂದದ್ದು.
ಬೀಗದ ಮೇಲೆ ಬೀಗ. ದಾರಿಯಲ್ಲಿ ಯಾರು ಇಣುಕಿದರೂ
ಮರಳು ಮಾತ್ರ ಕಾಣುವ ಹಾಗೆ.
ಒಂದು ಬೈಟೂ ಸೋರಿಲ್ಲ, ಎರಡು ಸಲ ತಾಳೆ ನೋಡಿದ್ದೇನೆ.

ಈಗ ತೆರೆದರೆ
ಕಳ್ಳನಿಗೆ ಕಾಣಬೇಕಾದ್ದು ನನಗೆ ಕಾಣುತ್ತಿದೆ.

ಇದಕ್ಕೆ ನಮ್ಮಲ್ಲಿ ಒಂದು ಮಾತಿದೆ, ಮೊಜಿಬಾಕೆ.
ಅಕ್ಷರ ವೇಷ ಹಾಕುವುದು,
ನರಿ ಹೆಣ್ಣಾಗಿ ಬಂದು ಬಾಗಿಲು ತಟ್ಟಿದಂತೆ.

ಯಾಸುನಾಗ ಕೆಲಸ ಬಿಟ್ಟು ಹೋಗುವಾಗ ಚೀಟಿ ಇಟ್ಟಿದ್ದ:
ಹಳೆಯದು ಹಳೆ ಲಿಪಿಪಟ್ಟಿಯಲ್ಲಿದೆ.
ಯಾವ ಹಳೆಯದು? ಬರೆದಿರಲಿಲ್ಲ.
ಸರಿ, ನಾನೇ ಬದಲಿಸಿದರಾಯಿತು ಅಂದುಕೊಂಡೆ.
ಹಳೆ ಪಟ್ಟಿಯಿಂದ ಹೊಸದಕ್ಕೆ, ಒಂದೇ ಸಾಲಿನ ಅಪ್ಪಣೆ,
ಅದೇ ಕಡತದ ಮೇಲೆ ಬರೆದುಬಿಡುವಂತೆ.
ಬೆರಳು ಎಂಟರ್ ಮೇಲಿತ್ತು.

ಬಲೆ ಹೊಲಿಯುವ ಕೊಸಾಕಿ ತೊಮೆಜಿರೊ,
ಎಂಬತ್ತೊಂದು ವರ್ಷ, ಕೈ ಕಾಯಿಸಲು ಬಂದವನು,
ಹೆಗಲ ಮೇಲಿಂದ ಇಣುಕಿ ಅಂದ:
"ಎಲ್ಲಾ ನೂಲು."
ಏನು?
"ನೋಡು, ಅಕ್ಷರದ ಎಡಗಡೆ ನೂಲು ಕೂತಿದೆ.
ಇದು ಸಿಕ್ಕು. ಇದೂ ಸಿಕ್ಕು. ಅಲ್ಲೂ.
ಯಾರಮ್ಮಾ ಇಷ್ಟು ಸಲ ಸಿಕ್ಕು ಅಂತ ಬರೆದವರು?"

ನಕ್ಕೆ. ನಗು ಅರ್ಧಕ್ಕೇ ನಿಂತಿತು.
ಹಾಳಾದದ್ದಕ್ಕೆ ಇಷ್ಟು ಶಿಸ್ತು ಇರುವುದಿಲ್ಲ.
ಮಕ್ಕಳು ಮೊದಲು ತಿದ್ದುವ ನಮ್ಮ ದುಂಡನೆಯ ಅಕ್ಷರಗಳು
ಹೊಸ ಪಟ್ಟಿಯಲ್ಲಿ ಮೂರು ಮೂರು ಬೈಟಾಗಿ ನಿಲ್ಲುತ್ತವೆ,
ಮೊದಲೆರಡು ಹೆಚ್ಚುಕಡಿಮೆ ಎಲ್ಲಕ್ಕೂ ಒಂದೇ.
ಆ ಎರಡನ್ನು ಹಳೆ ಪಟ್ಟಿ ಹಿಡಿದು ಓದಿದರೆ
ಸಿಕ್ಕುಬಿದ್ದ ನೂಲು.
ಅಂದರೆ ಯಾಸುನಾಗ ಆಗಲೇ ಬದಲಿಸಿದ್ದ.
ಕಡತ ನೆಟ್ಟಗಿದೆ. ಕಾಮಾಲೆ ನನ್ನ ಕಿಟಕಿಗೆ.

ಬೆರಳು ತೆಗೆದೆ, ಕೆಂಡದಿಂದ ತೆಗೆದ ಹಾಗೆ.
ಒತ್ತಿದ್ದರೆ ವೇಷವೇ ಮೈಯಾಗುತ್ತಿತ್ತು,
ಆಮೇಲೆ ಯಾವ ಕಿಟಕಿ ತೆರೆದರೂ ಸಿಕ್ಕೇ.

ಕಿಟಕಿಯ ಸೆಟ್ಟಿಂಗಿನಲ್ಲಿ ಒಂದು ಸಾಲು ತಿದ್ದಿದೆ.
ಮಿಸಾಗೊ, ಅಂದಿತು ಪರದೆ.
"ನಮ್ಮಣ್ಣನ ದೋಣಿ," ಅಂದ ತೊಮೆಜಿರೊ.
ಕೆಟಲು ಕುದಿದು, ಇಳಿಸಿ, ಚಹಾ ಬಗ್ಗಿಸಿ ಕೊಟ್ಟ ಮೇಲೆ,
"ಎಂಜಿನ್ನು ಸರಿಯಿರಲಿಲ್ಲ ಅದರದ್ದು."

ಒಂದು ಸಾಲು ಮಾತ್ರ ಬಗೆಹರಿಯಲಿಲ್ಲ.
ಉಸಿರು ಕಟ್ಟಿ ಮುಳುಗಿ ಚಿಪ್ಪು ತೆಗೆಯುತ್ತಿದ್ದ ಹೆಂಗಸು,
ಹೆಸರಿನ ಮೊದಲಕ್ಷರವಿರಬೇಕಾದಲ್ಲಿ ಎರಡು ದಪ್ಪ ಗೆರೆ.
ಹಿಂದೆ ಅಚ್ಚುಮೊಳೆ ಜೋಡಿಸುವವರು
ಬೇಕಾದ ಮೊಳೆ ಸಿಗದಿದ್ದರೆ
ಇನ್ನೊಂದನ್ನು ತಲೆಕೆಳಗು ಮಾಡಿ ಕೂರಿಸುತ್ತಿದ್ದರಂತೆ.
ಬುಡದ ಅಚ್ಚು ಮರದ ಮೆಟ್ಟಿನ ಹೆಜ್ಜೆಯಂತೆ ಬೀಳುತ್ತಿತ್ತು.
ಗೆತಾ ಅನ್ನುತ್ತೇವೆ ಈಗಲೂ.
ಯಾರೋ ಇಲ್ಲಿ ನಡೆದು ಹೋದರು ಅಂತ ಮಾತ್ರ ಗೊತ್ತು.

ತೊಮೆಜಿರೊಗೆ ಗೊತ್ತಿತ್ತು.
"ಅವಳಪ್ಪ ಹೆಚ್ಚಿಗೆ ಒಂದು ಗೆರೆ ಹಾಕಿಸಿದ್ದ. ಜಂಬ."
ಎಡ ಅಂಗೈ ಚಾಚಿ, ಬಲ ತೋರುಬೆರಳಲ್ಲಿ
ಹದಿನೇಳು ಗೆರೆ ಎಳೆದ, ನಿಧಾನಕ್ಕೆ.
ಹದಿನೆಂಟನೆಯದು ನೂಲಿನ ಗಾಯದ ಮೇಲೆ ಹಾದುಹೋಯಿತು.

ಅಂಗೈಯನ್ನು ಕಳಿಸುವ ಅಪ್ಪಣೆ ನನಗೆ ಗೊತ್ತಿಲ್ಲ.
ಹೆಜ್ಜೆಯನ್ನು ಇದ್ದಲ್ಲೇ ಬಿಟ್ಟೆ,
ಪಕ್ಕದಲ್ಲಿ ಬರೆದೆ: ಕೊಸಾಕಿಯವರನ್ನು ಕೇಳಿ.
ಹೊರಬೀಳುವ ಮುಂಚೆ ಮತ್ತೆ ತೆರೆದು
ಒಂದು ಮಾತು ಸೇರಿಸಿದೆ:
ಬೇಗ.